ಮೂರನೆಯ ಕೂಗು

ಜನವರಿಯ ಮಂಜಿನಲ್ಲಿ, ಬೆಳಗಿನ ಐದೂವರೆಗೆ ಕಿದ್ವಾಯಿ ನಗರ ಬಿಟ್ಟೆವು. ದೂರ ಮೂವತ್ತು ಕಿಲೋಮೀಟರ್, ಟ್ಯಾಕ್ಸಿಗೆ ಹೋಗಿಬರಲು ಆರುನೂರು ರೂಪಾಯಿ. ನಮ್ಮ ಮೇಲಿನ ಕ್ವಾರ್ಟರ್ಸಿನ ಸುಧಾ ನರಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಒಬ್ಬಳೇ ಹೋಗಬೇಡವೆಂದು ಅವಳಮ್ಮ ನನ್ನನ್ನು ಜೊತೆ ಮಾಡಿದ್ದರು. ಭಾನುವಾರವೂ ಬೆಚ್ಚನೆಯ ರಜಾಯಿ ಹೊದಿಕೆ ಬಿಟ್ಟು ಏಳಬೇಕಲ್ಲ ಎಂಬ ಸಿಟ್ಟು ನನಗೆ. "ಬೆಳಿಗ್ಗೆ ನರಿ ಮುಖ ನೋಡಿದ್ರೆ ಅದೃಷ್ಟವಂತೆ, ಹೋಗಿಬನ್ನಿ" ಎಂದು ನಗುತ್ತ ಹೆಂಡತಿ ಚಪಾತಿ ಕಟ್ಟಿಕೊಟ್ಟಳು.

ಫರೀದಾಬಾದಿನ ಆಚೆ, ಅರಾವಳಿಯ ಕಣಿವೆಯೊಂದರ ಬಾಯಲ್ಲಿ ಇಳಿದೆವು. ಸುತ್ತಲೂ ಕಲ್ಲು ತೆಗೆದು ಬಿಟ್ಟ ಗುಂಡಿಗಳು. ಹತ್ತು ಹೆಜ್ಜೆ ಆಚೆ ಏನೂ ಕಾಣದು. ಟೇಪಿನಲ್ಲಿ ನರಿಯ ಕೂಗನ್ನು ಮೂರು ಸಲ ಹಾಕಿ, ಎಷ್ಟು ನರಿ ಮರುಕೂಗಿದವೆಂದು ಬರೆದುಕೊಳ್ಳುವುದು ಸುಧಾಳ ಕ್ರಮ.

"ಹೋದ ವರ್ಷ ಇಲ್ಲಿ ಒಂದೂ ಕೂಗಲಿಲ್ಲ ಅಂಕಲ್. ಇವತ್ತೂ ಕೂಗ್ಲಿಲ್ಲ ಅಂದ್ರೆ ನಕ್ಷೆಯಿಂದ ಈ ಕಣಿವೇನೇ ತೆಗೀಬೇಕು" ಎಂದಳು. ಹೋದ ವರ್ಷ ಹಾಕಿದ್ದ ಬೇರೆ ನರಿಯ ಟೇಪು ಹರಿದಿತ್ತು. ಮೂರು ವರ್ಷದ ಹಿಂದೆ ಇದೇ ಕಣಿವೆಯಲ್ಲಿ ತಾನೇ ಹಿಡಿದಿದ್ದ ದನಿಯನ್ನು ಈ ಸಲ ತಂದಿದ್ದಳು.

ಮೊದಲ ಕೂಗು ಹೋಯಿತು. ಕೊನೆಗೆ ಬಿಕ್ಕಿದ ಹಾಗೆ ಒಡೆಯುವ ದನಿ. ಉತ್ತರವಿಲ್ಲ. ಮಂಜಿನೊಳಗಿಂದ ಕಂಬಳಿ ಹೊದ್ದ ಆಡು ಕಾಯುವ ಮುದುಕನೊಬ್ಬ ಓಡಿ ಬಂದ.

"ಬೇಟೀ, ಯೇ ತೋ ಮರ್ ಗಯೀ ಥೀ!" ಎಂದ. ಇದು ಸತ್ತೇಹೋಗಿತ್ತಲ್ಲ ಎಂದು ಅವನ ಬೆರಗು. ಹೀಗೆ ಬಿಕ್ಕುತ್ತಿದ್ದುದು ಒಂದೇ ಹೆಣ್ಣು ನರಿಯಂತೆ. ಎರಡು ವರ್ಷದ ಹಿಂದೆ ಲಾರಿಗೆ ಸಿಕ್ಕಿ ಸತ್ತಿತ್ತು. ರಸ್ತೆಯಿಂದ ಎಳೆದು ಹಾಕಿದ್ದವನು ಅವನೇ.

ಸುಧಾ ತುಟಿ ಕಚ್ಚಿಕೊಂಡು ಎರಡನೆಯ ಸಲ ಹಾಕಿದಳು. ಗುಡ್ಡದ ಮೇಲಿಂದ ಉತ್ತರ ಬಂತು. "ಬಂತು ಅಂಕಲ್, ಒಂದು!" ಎಂದು ನನ್ನ ತೋಳು ಹಿಡಿದಳು. ಆ ಕೂಗು ಹತ್ತಿರ ಹತ್ತಿರವಾಗಿ, ಆಮೇಲೆ ನಿಂತುಹೋಯಿತು. ಮಂಜಿನಿಂದ ಒಂದು ಮುದಿ ಗಂಡು ನರಿ ಹೊರಬಂತು. ನಾವು ಮೂವರು ಇದ್ದೇವೆಂಬ ಪರಿವೆಯೇ ಇಲ್ಲದೆ ನೇರವಾಗಿ ಟೇಪ್ ರೆಕಾರ್ಡರಿನ ಹತ್ತಿರ ಹೋಗಿ ಮೂಸಿ, ಕುಂಯ್‌ಗುಟ್ಟಿತು.

"ಜೋಡೀದಾರ್" ಎಂದ ಮುದುಕ, ಮೆಲ್ಲಗೆ. ಸತ್ತ ಆ ಹೆಣ್ಣಿನ ಜೊತೆಗಾರ.

ಮೂರನೆಯ ಕೂಗು ಬಾಕಿ ಇತ್ತು. ಸುಧಾ ರೆಕಾರ್ಡರಿನ ಗುಂಡಿಯ ಮೇಲೆ ಬೆರಳಿಟ್ಟಳು, ತೆಗೆದಳು. "ಆಗಲ್ಲ ಅಂಕಲ್, ನನ್ ಕೈಲಾಗಲ್ಲ." ಅವಳು ಟೇಪಿನ ಪೆಟ್ಟಿಗೆ ಎತ್ತಿಕೊಂಡಾಗ ನರಿ ಎರಡು ಹೆಜ್ಜೆ ಹಿಂದೆ ಸರಿಯಿತು, ಅಷ್ಟೇ. ಟ್ಯಾಕ್ಸಿಯಲ್ಲಿ ಕೂತು ಪುಸ್ತಕದಲ್ಲಿ 'ಒಂದು' ಎಂದು ಬರೆದಳು. ಕಣಿವೆ ನಕ್ಷೆಯಲ್ಲಿ ಉಳಿಯಿತು. ಚಪಾತಿ ಯಾರಿಗೂ ಸೇರಲಿಲ್ಲ.

ನರಿಯ ಮುಖವನ್ನೇನೋ ನೋಡಿದ್ದೆ. ಅದೃಷ್ಟ ಎನ್ನಲು ಬಾಯಿ ಬರಲಿಲ್ಲ. ತಿರುಗಿ ನೋಡಿದಾಗ ಪೆಟ್ಟಿಗೆ ಇದ್ದ ಜಾಗದಲ್ಲೇ ಅದು ಕೂತಿತ್ತು. ಕತ್ತೆತ್ತಿ ಒಮ್ಮೆ ಕೂಗಿತು. ಮಂಜು ಮುಚ್ಚುವವರೆಗೂ ಕಿವಿ ನಿಮಿರಿಸಿಕೊಂಡು ಉತ್ತರಕ್ಕೆ ಕಾಯುತ್ತಿತ್ತು.