ಚೀಲ ಸುರಿಸುವ ಅಕ್ಕ

ಬೆಳಗಿನ ಆರೂಮುಕ್ಕಾಲು. ಆಸ್ಪತ್ರೆಯ ಔಷಧಿ ಕೌಂಟರಿನ ಶಟರ್ ಇನ್ನೂ ಅರ್ಧಕ್ಕೇ ನಿಂತಿದೆ. ಅದರಡಿ ತಲೆ ತಗ್ಗಿಸಿ ಬಂದ ವಯಸ್ಸಾದ ವೆಲ್ಡರ್, ಯಾರೂ ಹೇಳದಿದ್ದರೂ ತಮ್ಮ ಚೀಲವನ್ನು ಮೇಜಿನ ಮೇಲೆ ಸುರಿಯುತ್ತಾರೆ. ಕನ್ನಡಕ, ಬೀಗದ ಕೈ, ಕಿಡಿ ತಾಗಿ ತೂತಾದ ಕೈಗವಸು.

“ಮಾತ್ರೆ ಮುಗಿದು ಮೂರು ತಿಂಗಳಾಯ್ತಲ್ಲ ಯಜಮಾನ್ರೆ, ಇನ್ನೇನು ಸುರೀತೀರಿ?” ಎನ್ನುತ್ತಾರೆ ಕೌಂಟರಿನಾಕೆ.

“ಅಭ್ಯಾಸ ಆಗ್ಹೋಗಿದೆ ಕಣಮ್ಮ.”

ನಗುತ್ತಾರೇನೋ ನಿಜ, ಕಣ್ಣು ಗೋಡೆಯ ಗಡಿಯಾರದ ಮೇಲೇ ಇದೆ. ಅವರ ಯಕೃತ್ತಿಗೆ ಅಂಟಿದ್ದ ಹೆಪಟೈಟಿಸ್ ಸಿ ವೈರಸ್ ಹೋಯಿತೋ ಇಲ್ಲವೋ ಎಂದು ಹೇಳುವ ರಕ್ತಪರೀಕ್ಷೆಯ ಚೀಟಿ ಏಳು ಗಂಟೆಗೆ ಲ್ಯಾಬಿನಿಂದ ಬರಬೇಕು. ಇದು ಅವರ ಎರಡನೇ ಚಿಕಿತ್ಸೆ. ಮೊದಲ ಸಲ ಮೈ ಹಗುರಾಯಿತೆಂದು ಐದೇ ವಾರಕ್ಕೆ ಮಾತ್ರೆ ಬಿಟ್ಟಿದ್ದರು. ವೈರಸ್ ಮತ್ತೆ ತಲೆಯೆತ್ತಿತು.

ಕೌಂಟರಿನಾಕೆಗೆ ರೋಗಿಗಳಿಟ್ಟ ಹೆಸರು ಚೀಲದಕ್ಕ. ಹದಿನಾರು ವರ್ಷದಿಂದ ಇದೇ ಕಿಟಕಿ. ಸದ್ಯ ನಲವತ್ಮೂರು ಮಂದಿ ಅವರ ಕೈಯಿಂದ ಮಾತ್ರೆ ಒಯ್ಯುತ್ತಾರೆ. ಹೆಚ್ಚಿನವರದು ಎಂಬತ್ನಾಲ್ಕು ದಿನದ ಪಥ್ಯದಂಥ ಶಿಸ್ತು. ಮಾತ್ರೆಯ ಖಾಲಿ ಪಟ್ಟಿ ಎಣಿಸದೆ ಹೊಸದನ್ನು ಕೊಡುವ ಜಾಯಮಾನ ಅಕ್ಕನದಲ್ಲ. ಜೊತೆಗೆ ಚೀಲವನ್ನೂ ಸುರಿಸುತ್ತಾರೆ. ಬೇರೆ ಏನೇನು ನುಂಗುತ್ತಾರೆಂದು ಜನ ಬಾಯಿಬಿಟ್ಟು ಹೇಳುವುದಿಲ್ಲ ನೋಡಿ.

ವೆಲ್ಡರ್ ಸಿಕ್ಕಿಬಿದ್ದದ್ದೂ ಹೀಗೆಯೇ. ಈ ಸಲದ ಚಿಕಿತ್ಸೆಯ ಎರಡನೇ ವಾರ ಅವರ ಕೈಗವಸಿನೊಳಗಿಂದ ಎದೆಯುರಿಯ ಮಾತ್ರೆಯ ಪಟ್ಟಿ ಜಾರಿತು. “ಹೊಟ್ಟೆ ಉರಿಗೆ ಒಂದು ತಗೊಂಡ್ರೆ ಅದೂ ತಪ್ಪಾ?” ಎಂದು ಅವರು ಮುಖ ಊದಿಸಿದರೂ ಅಕ್ಕ ಬಿಡಲಿಲ್ಲ, ನೇರ ಡಾಕ್ಟರ ಕೋಣೆಗೆ ಕರೆದೊಯ್ದರು. ಆ ಮಾತ್ರೆಯಿಂದ ವೈರಸ್ಸಿನ ಔಷಧಿ ಮೈಗೆ ಸರಿಯಾಗಿ ಹತ್ತುವುದಿಲ್ಲವೆಂದು ಡಾಕ್ಟರು ಅದನ್ನು ಅಂದೇ ನಿಲ್ಲಿಸಿದರು.

ಇಷ್ಟು ಹಟ ಎಲ್ಲಿಂದ ಬಂತು? “ನಮ್ಮಣ್ಣನಿಗೂ ಇದೇ ಕಾಯಿಲೆ,” ಎನ್ನುತ್ತಾರೆ ಅಕ್ಕ. “ಆಗ ಇಂಥ ಮಾತ್ರೆ ಎಲ್ಲಿತ್ತು? ವಾರಕ್ಕೊಂದು ಇಂಜೆಕ್ಷನ್, ವರ್ಷಗಟ್ಟಲೆ. ಜ್ವರ, ಸಂಕಟ, ಕೂದಲು ಬೇರೆ ಉದುರೋದು. ಏಳನೇ ತಿಂಗಳಿಗೆ ಸಾಕು ಅಂದ. ಪಾಪ ಅನ್ನಿಸ್ತು, ನಾನೂ ಸುಮ್ಮನಿದ್ದೆ.” ಅಣ್ಣ ಉಳಿಯಲಿಲ್ಲ.

ಏಳು ಗಂಟೆಗೆ ಚೀಟಿ ಬರುತ್ತದೆ. ಅಕ್ಕ ಎರಡು ಸಲ ಓದುತ್ತಾರೆ. “ವೈರಸ್ ಇಲ್ಲ ಯಜಮಾನ್ರೆ. ಹೋಗಿದೆ.”

ವೆಲ್ಡರ್ ಕೈಗವಸನ್ನು ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ. “ನಿನ್ನ ಎಷ್ಟು ಬೈಕೊಂಡಿದ್ದೀನಿ ಗೊತ್ತಾ, ಮನೇಲಿ ಕೂತು?” ಎನ್ನುತ್ತಾರೆ.

“ಬೈಕೊಳ್ಳಿ ಬಿಡಿ,” ಎಂದು ಅಕ್ಕ ಶಟರ್ ಪೂರ್ತಿ ಮೇಲೆತ್ತುತ್ತಾರೆ. “ನಮ್ಮಣ್ಣ ನನ್ನ ಒಂದು ದಿನಾನೂ ಬೈದಿರಲಿಲ್ಲ.”