ಕಳವಿಗೆ ಬಿಟ್ಟ ಕಟ್ಟಿಗೆ

ಮೊನ್ನೆ ಮಗ ಹೊಸ ಮನೆಯ ಹಾಲು ಉಕ್ಕಿಸಲೆಂದು ಪೇಟೆಯಿಂದ ಕುಳ್ಳು ತಂದ. ಪ್ಲಾಸ್ಟಿಕ್ ಚೀಲದಲ್ಲಿ, ಬಿಸ್ಕೀಟಿನ ಹಾಗೆ ಒಂದೇ ಅಳತೆಯವು. ಚೀಲ ಬಿಚ್ಚಿದ್ದೇ ತಡ, ಒಣಗಿದ ಸಗಣಿಯ ಆ ವಾಸನೆ... ಕುಳ್ಳಿಗೂ ದುಡ್ಡು ಕೊಡುವ ಕಾಲ ಬಂತಲ್ಲ ಎಂದು ನಗು ಬಂತು. ನಾವಾದರೆ ಕದ್ದು ತರುತ್ತಿದ್ದೆವು. ಕದಿಯುವುದನ್ನು ಕಲಿಸಿದವರು ಎದುರು ಮನೆಯ ಕಾಕು, ಓಣಿಯ ಮಕ್ಕಳಿಗೆಲ್ಲ ಚಿಕ್ಕಮ್ಮನಂಥವರು.

ಎಪ್ಪತ್ತರ ದಶಕದ ಹಳೇ ಬಾಗಲಕೋಟೆ. ಹೋಳಿ ಹುಣ್ಣಿಮೆಗೆ ಕಾಮನನ್ನು ಸುಡಲು ಕಟ್ಟಿಗೆ, ಕುಳ್ಳು ಬೇಕು. ಅವನ್ನು ಕೇಳಿ ತರುವಂತಿಲ್ಲ, ಮಕ್ಕಳು ಕದ್ದೇ ತರಬೇಕು, ಅದು ಪದ್ಧತಿ. ಕಳಕೊಂಡವರು ಬೈಯಬೇಕು, ಅದೂ ಪದ್ಧತಿಯೇ. ಒಂದು ವರ್ಷ ದೊಡ್ಡ ಹುಡುಗರು ಹುರುಪು ಹೆಚ್ಚಾಗಿ, ಒಬ್ಬರು ಮನೆಗೆ ಕೂಡಿಸಲೆಂದು ಮಾಡಿಸಿಟ್ಟಿದ್ದ ಹೊಸ ಬಾಗಿಲನ್ನೇ ಹೊತ್ತು ತಂದು ಬೆಂಕಿಗೆ ಹಾಕಿದರು. ಓಣಿಯಲ್ಲಿ ಎಷ್ಟೋ ಮನೆಗಳ ನಡುವೆ ಮಾತು ನಿಂತುಹೋಯಿತು. ಮರುವರ್ಷ ಕಾಕು ಕಳವಿನ ಕಾರಭಾರವನ್ನು ತಮ್ಮ ಕೈಗೆ ತೆಗೆದುಕೊಂಡರು.

ಹಬ್ಬದ ಮಧ್ಯಾಹ್ನ ತಲೆಯ ಮೇಲೆ ಸೆರಗೆಳೆದುಕೊಂಡು ಮನೆಮನೆಗೆ ಹೋಗಿ, ಏನನ್ನು ಎಲ್ಲಿ ಇಡಬೇಕೆಂದು ಹೆಂಗಸರಿಗೆ ಹೇಳಿ ಬರುತ್ತಿದ್ದರು. ಮುರಿದ ಮೊರ, ಸವೆದ ಕಸಬರಿಗೆ, ನಾಲ್ಕಾರು ಕುಳ್ಳು, ಹೀಗೆ ಯಾರ ಹೊಟ್ಟೆಯೂ ಉರಿಯದಂಥವು. ಸಂಜೆ ನಮ್ಮನ್ನು ತಮ್ಮ ಕಟ್ಟೆಯ ಮುಂದೆ ಕೂಡಿಸಿ, ಮನೆಯ ಹೆಸರು ಹೇಳದೆ ಬರೀ ಸುಳಿವು ಕೊಡುತ್ತಿದ್ದರು.

"ಬಾಂವಿ ಐತಿ, ಹಗ್ಗ ಇಲ್ಲ. ಅಲ್ಲೆ ಗ್ವಾಡಿ ಹಿಂದ ಮೂರು ಕಾಲಿನ ಕುದರಿ ನಿಂತೈತಿ."

ಯಾರ ಬಾವಿಗೆ ಹಗ್ಗವಿಲ್ಲ ಎಂದು ತಲೆ ಕೆರೆದುಕೊಳ್ಳುತ್ತ ಓಡುವುದು. ಕುದುರೆ ಎಂದರೆ ಕಾಲು ಮುರಿದ ಹೊರಸು, ಹಗ್ಗದ ಮಂಚ. ಆ ಕಳ್ಳರ ದಂಡಿನಲ್ಲಿ ನಮ್ಮಂಥ ಹುಡುಗಿಯರಿಗೂ ಜಾಗ ಕೊಟ್ಟವರು ಕಾಕುವೇ. ನನ್ನ ಅಜ್ಜಿ ಗೊಣಗಿದಾಗ, "ಗಂಡುಡುಗುರ ಸಂಗಾಟ ಬುದ್ಧಿ ಇದ್ದವ್ರೂ ಯಾರರೆ ಬೇಕಲ್ರಿ ಆಯಿ" ಎಂದಿದ್ದರು. ಅವರೆಂದರೆ ನನಗೆ ಜೀವ.

ನಾನು ಏಳನೆಯ ಇಯತ್ತೆಯಲ್ಲಿದ್ದಾಗ, ಹೋಳಿ ಹುಣ್ಣಿಮೆಗೆ ಇನ್ನೊಂದು ತಿಂಗಳಿದೆ ಎನ್ನುವಾಗ, ಕಾಕುವಿನ ಗಂಡ ತೀರಿಕೊಂಡರು. ಸಾವಾದ ಮನೆಗೆ ವರ್ಷ ತುಂಬುವವರೆಗೆ ಹಬ್ಬವಿಲ್ಲ. ಅಲ್ಲಿಂದ ಕಾಮನಿಗೆ ಒಂದು ಕಡ್ಡಿಯೂ ಹೋಗಬಾರದು ಎಂದು ಅಜ್ಜಿ ನಮಗೆಲ್ಲ ತಾಕೀತು ಮಾಡಿದ್ದಳು. ಆ ಹಬ್ಬದ ಸಂಜೆ ಸುಳಿವಿಲ್ಲ, ಹುರುಪಿಲ್ಲ. ಕಾಕುವಿನ ಮನೆ ಬಂದಾಗ ಹಲಗೆ ಬಾರಿಸುವುದನ್ನೂ ನಿಲ್ಲಿಸಿ ಮೆಲ್ಲಗೆ ದಾಟುತ್ತಿದ್ದೆವು.

ಬಾಗಿಲು ತೆರೆಯಿತು. ಕಾಕು ಹೊಸ್ತಿಲಲ್ಲೇ ನಿಂತಿದ್ದರು. ಹಣೆಯಲ್ಲಿ ಬರೀ ವಿಭೂತಿ... ನಾನು ತಲೆ ತಗ್ಗಿಸಿದೆ.

"ನಮ್ಮ ಮನಿ ದಾಟಿ ಹೊಂಟೀರಿ. ನಾ ಈ ಓಣ್ಯಾಕಿ ಅಲ್ಲೇನು?"

ನಮ್ಮ ಕಟ್ಟೆಯ ಮೇಲೆ ಕೂತಿದ್ದ ಅಜ್ಜಿಯೇ, "ಈ ವರ್ಷ ನೀ ಕೊಡಬಾರದವ್ವ" ಎಂದಳು.

"ಕೊಡಬಾರದು, ಖರೆ ಐತ್ರಿ ಆಯಿ. ಕಳುವಾದ್ರ ನಾ ಏನ್ ಮಾಡ್ಲಿ?" ಎಂದರು ಕಾಕು. ಆಮೇಲೆ ನಮ್ಮತ್ತ ತಿರುಗಿ, "ಹಿತ್ತಲ ಬಾಗ್ಲಾ ಹಾಕೂದು ಮರತೇನಿ. ನಾ ಒಳಗಿರ್ತೇನಿ. ನನಗೇನೂ ಕೇಳ್ಸೂದಿಲ್ಲ" ಎಂದು ಮುಂಬಾಗಿಲು ಹಾಕಿಕೊಂಡರು.

ನಾವೆಲ್ಲ ಅಜ್ಜಿಯ ಮುಖ ನೋಡಿದೆವು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ಹೋಗ್ರಿ ಮತ್ತ, ನಿಂತೀರ್ಯಾಕ" ಎಂದಳು.

ಹಿತ್ತಲಲ್ಲಿ ಕಾಕುವಿನ ಗಂಡ ಒಡೆದು ಒಟ್ಟಿದ್ದ ಕಟ್ಟಿಗೆ ಇತ್ತು. ಹೊರಲಾದಷ್ಟು ಹೊತ್ತುಕೊಂಡು ಓಡಿದೆವು. ಓಣಿಯ ತಿರುವು ಮುಟ್ಟುವಷ್ಟರಲ್ಲಿ ಹಿಂದಿನಿಂದ ದನಿ ಬಂತು. "ನನ್ನ ಕಟ್ಟಿಗಿ ಒಯ್ದ ಕಳ್ಳರ ಕೈ ಸೇದಿ ಹೋಗ್ಲಿ..." ಓಣಿಗೆ ಓಣಿಯೇ ನಕ್ಕಿತು. ಕಾಕು ಬೈಯುತ್ತಲೇ ಇದ್ದರು, ಬೈಯುತ್ತಲೇ ಅತ್ತರು. ಗಂಡ ಹೋದಮೇಲೆ ಅವರು ಬಾಯಿಬಿಟ್ಟು ಅತ್ತದ್ದು ಅಂದೇ ಎಂದು ಅವ್ವ ಆಮೇಲೆ ಹೇಳಿದಳು.

ಆಲಮಟ್ಟಿಯ ಹಿನ್ನೀರು ಬಂದು ಆ ಓಣಿ ಚದುರಿತು. ಅದನ್ನು ನೋಡಲು ಕಾಕು ಉಳಿದಿರಲಿಲ್ಲ, ಪುಣ್ಯ. ನಾನೀಗ ನವನಗರದಲ್ಲಿದ್ದೇನೆ. ಅಕ್ಕಪಕ್ಕದವರು ಒಳ್ಳೆಯವರು, ಕಂಡಾಗ ನಮಸ್ಕಾರ ಮಾಡುತ್ತಾರೆ. ಹೋದ ವರ್ಷ ಹೋಳಿ ಹಬ್ಬಕ್ಕೆ ಒಂದು ಹೊರೆ ಕಟ್ಟಿಗೆ ತರಿಸಿ ಅಂಗಳದಲ್ಲಿಟ್ಟು, ಗೇಟನ್ನು ಅರ್ಧ ತೆರೆದಿಟ್ಟೆ. ಎರಡು ಒಳ್ಳೆಯ ಬೈಗುಳಗಳನ್ನೂ ನೆನಪು ಮಾಡಿಕೊಂಡು ಮಲಗಿದೆ. ಬೆಳಿಗ್ಗೆ ನೋಡಿದರೆ ಕಟ್ಟಿಗೆ ಇಟ್ಟಲ್ಲೇ ಇತ್ತು. ಯಾರೋ ಪುಣ್ಯಾತ್ಮರು, ನಾನು ಮರೆತಿರಬೇಕೆಂದು, ಗೇಟು ಮುಚ್ಚಿ ಹೋಗಿದ್ದರು.