ಕುಂಡದಲ್ಲಿ ಹೂತ ಪೈಠಣಿ

ಹೋದ ವಾರ ನಾನು ಎರಡನೇ ಕ್ಲಾಸಿನ ವಿಜ್ಞಾನದಲ್ಲಿ ಫೇಲಾದೆ. ಅದೂ ಶಾಲೆಯ ಅಂಗಳದಲ್ಲಿ, ಎಲ್ಲ ಪಾಲಕರ ಎದುರು. ನಗಬೇಡಿ. ನಿಮಗೂ ಒಬ್ಬ ನೆಗೆಣ್ಣಿ ಇದ್ದಿದ್ದರೆ ನೀವೂ ಫೇಲಾಗುತ್ತಿದ್ದಿರಿ.

(ನೆಗೆಣ್ಣಿ ಅನ್ನಿ, ಓರಗಿತ್ತಿ ಅನ್ನಿ, ಗಂಡನ ಅಣ್ಣನ ಹೆಂಡತಿ ಅನ್ನಿ. ಹೊಟ್ಟೆಯುರಿ ಒಂದೇ.)

ನಮ್ಮವರು ಇಲ್ಲಿ ನಾಶಿಕದಲ್ಲಿ, ಸಾತಪುರದ ಕಾರ್ಖಾನೆಯೊಂದರಲ್ಲಿ. ಭಾವ ಔರಂಗಾಬಾದಿನಲ್ಲಿ (ಇಲ್ಲಿ ಅನೇಕರ ಬಾಯಲ್ಲಿ ಅದು ಸಂಭಾಜಿನಗರ). ನನ್ನ ಮದುವೆಯಾದ ವರ್ಷ ಧಾರವಾಡದಿಂದ ಬಂದಿದ್ದ ಅತ್ತೆ, ಭಾವನ ಮನೆಯಿಂದ ನಮ್ಮ ಮನೆಗೆ ಬರುವಾಗ ಹಿರಿಸೊಸೆ ಶೈಲಕ್ಕನನ್ನೂ ಕರೆದುಕೊಂಡು ದಾರಿಯಲ್ಲಿ ಸೀರೆಗೆ ಹೆಸರಾದ ಯೇವಲಾದಲ್ಲಿ ಇಳಿದರು. ಎರಡು ಪೈಠಣಿ ಸೀರೆ ತಂದರು. ಒಂದು ಆಕೆಗೆ, ಒಂದು ನನಗೆ. ಅದೇ ನೇರಳೆ ಒಡಲು, ಅದೇ ಹಸಿರು ಅಂಚು, ಸೆರಗಿನ ತುಂಬ ಅವೇ ನವಿಲು.

ಆದರೆ ಆಕೆಯದು ಮಿಂಚುತ್ತಿತ್ತು. ನನ್ನದು ಮಂಕು.

ಸಾಕಲ್ಲವೇ? ಅವತ್ತೇ ತೀರ್ಮಾನಿಸಿದೆ. ಹಿರಿಸೊಸೆಗೆ ಅಸಲಿ, ನನಗೆ ಡುಪ್ಲಿಕೇಟ್. ಆಮೇಲೆ ಯಾವ ಮದುವೆಗೆ ಹೋದರೂ ಹೆಂಗಸರು ಆಕೆಯ ಸೆರಗು ಹಿಡಿದು “ಅಯ್ಯ, ಏನು ಛಂದ ಅದರೀ!” ಅನ್ನುವುದು, ನಾನು ಪಕ್ಕದಲ್ಲಿ ನಿಂತು ಹಲ್ಲು ಕಚ್ಚುವುದು. ಮನೆಗೆ ಬಂದು ಗಂಡನ ಎದುರು ಅದೇ ರಾಗ. ಅವರದೂ ಅದೇ ಉತ್ತರ: “ಸೀರಿ ಸೀರೀನೇ ಅಲ್ಲೇನ?”

ಅಂಗಡಿಗೆ ಒಯ್ದು ಕೇಳಬಹುದಿತ್ತಲ್ಲ ಅನ್ನುತ್ತೀರಾ? ಅಂಗಡಿಯವನು ನನ್ನದನ್ನು ನೋಡಿ ಹೇಳಿಯಾನು. ಆಕೆಯದನ್ನು ಎಲ್ಲಿಂದ ತರಲಿ? ನನಗೆ ಬೇಕಿದ್ದದ್ದು ಎರಡನ್ನೂ ಪಕ್ಕಪಕ್ಕ ಇಟ್ಟು ಕೊಡುವ ತೀರ್ಪು.

ಅದು ಸಿಕ್ಕಿದ್ದು ಈ ಜೂನ್‌ನಲ್ಲಿ. ಮಗಳು ಅನಘಾಳ ಕ್ಲಾಸಿಗೆ ಹೊಸದಾಗಿ ಮಾನಸಿ ಟೀಚರ್ ಬಂದರು. ಪುಸ್ತಕ ಮುಚ್ಚಿಟ್ಟು ಮಣ್ಣಿನಲ್ಲಿ ಪಾಠ ಮಾಡುವ ಟೀಚರ್. ಪ್ರತಿ ಮಗುವೂ ನೋಡಲು ಒಂದೇ ಥರ ಕಾಣುವ ಎರಡು ವಸ್ತು ತರಬೇಕು, ಎರಡು ಕುಂಡಗಳಲ್ಲಿ ಹೂಳಬೇಕು. ಮಳೆಗಾಲವಿಡೀ ನೆನೆಯಲಿ. ದೀಪಾವಳಿ ರಜೆಗೆ ಮುಂಚೆ ಅಗೆದು ನೋಡುವುದು. ಒಬ್ಬ ನಾರಿನ ಹಗ್ಗ, ಪ್ಲಾಸ್ಟಿಕ್ ಹಗ್ಗ ತಂದ. ಇನ್ನೊಬ್ಬಳು ಎಲೆಯ ದೊನ್ನೆ, ಥರ್ಮಾಕೋಲ್ ದೊನ್ನೆ.

ಅನಘಾ ಬಾಗಿಲ ತೋರಣದ ಮೇಲೆ ಕಣ್ಣಿಟ್ಟಿದ್ದಳು. ಮಾವಿನ ಎಲೆ ಒಂದು, ಪ್ಲಾಸ್ಟಿಕ್ ಮಾವಿನ ಎಲೆ ಒಂದು. ಏಳು ವರ್ಷದ ತಲೆಗೆ ಎಷ್ಟು ಒಳ್ಳೆಯ ಐಡಿಯಾ! ನಾನು ಅದನ್ನು ಅಲ್ಲೇ ಚಿವುಟಿ ಹಾಕಿದೆ. “ಎಲಿ ಎಲ್ಲಾರೂ ತರ್ತಾರ. ನಾವು ಪೈಠಣಿ ಹೂಳೋಣು” ಎಂದೆ.

ಔರಂಗಾಬಾದಿಗೆ ಫೋನ್ ಹಚ್ಚಿದೆ. “ಅಕ್ಕಾ, ಹುಡುಗಿ ಪ್ರಾಜೆಕ್ಟಿಗೆ ನಿಮ್ಮ ಪೈಠಣಿದೊಂದು ತುಣುಕು ಬೇಕಾಗೇದ.”

“ಕುಪ್ಪಸ ಹೊಲಿಸಿದ್ದು ಚೂರು ಉಳದಾವ. ಎಷ್ಟು ಬೇಕು?” ಎಂದಳು ಶೈಲಕ್ಕ.

ಯಾಕೆ, ಏನು, ಒಂದು ಪ್ರಶ್ನೆ ಇಲ್ಲ! ಅದೂ ಮೈ ಉರಿಸಿತು. ಅಸಲಿ ಇದ್ದವರಿಗೆ ಎಷ್ಟು ಧಾರಾಳ ನೋಡಿ. ಆಕೆ ಕಳಿಸಿದ ಚೂರು ಒಂದು ಕುಂಡಕ್ಕೆ, ನನ್ನ ಕುಪ್ಪಸ ಹೊಲಿಸಿ ಉಳಿದಿದ್ದ ಚೂರು ಇನ್ನೊಂದಕ್ಕೆ ಹೋಯಿತು.

ನನ್ನ ಲೆಕ್ಕ ಸರಳ. ಗಟ್ಟಿ ಮಾಲು ಉಳಿಯುತ್ತದೆ, ಕಳಪೆ ಮಾಲು ಕೊಳೆಯುತ್ತದೆ. (ಬಿ.ಕಾಂ. ಓದಿದ್ದೇನೆ, ಸ್ವಾಮಿ.) ನನ್ನದು ಕೊಳೆಯಲಿ ಎಂದು ಆ ಮಳೆಗಾಲ ನಾನು ಬೇಡಿಕೊಂಡಷ್ಟು ಯಾರೂ ಬೇಡಿಕೊಂಡಿರಲಿಕ್ಕಿಲ್ಲ. ಸೀರೆ ಹೋದರೆ ಹೋಗಲಿ, ಅತ್ತೆ ಭೇದ ಮಾಡಿದ್ದಕ್ಕೆ ಒಂದು ಪುರಾವೆ ಸಿಗಲಿ.

ಅಗೆಯುವ ದಿನ ಗಂಡನನ್ನು ಅರ್ಧ ದಿನ ರಜೆ ಹಾಕಿಸಿ ಎಳೆದುಕೊಂಡು ಹೋದೆ. ಕುಂಡಗಳ ಮೇಲೆ ಅನಘಾಳ ಕೈಬರಹ: ‘ಆಯಿ’ ಅಂದರೆ ನಾನು, ‘ಕಾಕೂ’ ಅಂದರೆ ಅವಳ ದೊಡ್ಡಮ್ಮ ಶೈಲಕ್ಕ. ಅವಳು ಪುಟ್ಟ ಕರಣೆಯಿಂದ ‘ಆಯಿ’ ಕುಂಡ ಕೆದಕಿದಳು. ಮಣ್ಣು. ಮತ್ತೆ ಮಣ್ಣು. ಕೊನೆಗೆ ಕಪ್ಪಾದ ನಾಲ್ಕು ಜರಿ ಎಳೆ, ಬಣ್ಣಗೆಟ್ಟ ಒಂದಿಷ್ಟು ದಾರ. ಬೆರಳಿಂದ ಹಿಡಿದರೆ ಪುಡಿ. ಆಮೇಲೆ ‘ಕಾಕೂ’ ಕುಂಡ. ಚೂರು ಇಡಿಯಾಗಿ ಬಂತು. ಒಂದು ಮಗ್ ನೀರು ಸುರಿದದ್ದೇ ನೇರಳೆ ಬಣ್ಣ ಅಂಗಡಿಯಲ್ಲಿದ್ದ ಹಾಗೇ ಹೊಳೆಯಿತು.

“ನೋಡಿದಿರಾ! ನಾ ಹೇಳಿದ್ದಿಲ್ಲ?” ಎಂದು ಗಂಡನಿಗೆ ಕನ್ನಡದಲ್ಲಿ ಕೂಗಿದೆ. ಸುತ್ತಲಿನವರಿಗೂ ಅರ್ಥವಾಗಲಿ ಎಂದು ಮರಾಠಿಯಲ್ಲೂ ಸಾರಿದೆ: “ಮಾಝೀ ಡುಪ್ಲಿಕೇಟ್ ಆಹೇ!”

ತನ್ನ ಸೀರೆ ಡುಪ್ಲಿಕೇಟ್ ಎಂದು ಇಷ್ಟು ಸಂಭ್ರಮದಿಂದ ಹೇಳಿಕೊಂಡ ಹೆಂಗಸನ್ನು ನಾಶಿಕ ಅದುವರೆಗೆ ಕಂಡಿರಲಿಲ್ಲ.

ಅನಘಾ ಹಣೆ ಚಚ್ಚಿಕೊಂಡಳು. “ಆಯಿ, ಉಲ್ಟಾ! ಮಣ್ಣು ತಿಂದ್ರ ಖರಾ ರೇಶಿಮ್. ತಿನ್ನಲಿಲ್ಲಂದ್ರ ಪ್ಲಾಸ್ಟಿಕ್. ಇಷ್ಟೂ ಗೊತ್ತಿಲ್ಲೇನ?”

ಪಾಲಕರು ನಕ್ಕರು. ಗಂಡ ಅತ್ತ ತಿರುಗಿ ನಕ್ಕರು. ರೇಷ್ಮೆ ಅಂದರೆ ಹುಳದ ನೂಲು, ಮಣ್ಣು ಅದನ್ನು ವಾಪಸ್ ತೆಗೆದುಕೊಳ್ಳುತ್ತದೆ, ಪಾಲಿಯೆಸ್ಟರ್ ಮಣ್ಣಿಗೆ ಗುರುತೇ ಸಿಗುವುದಿಲ್ಲ ಎಂದು ಮಾನಸಿ ಟೀಚರ್ ನನಗೆ ಮೆಲ್ಲಗೆ ವಿವರಿಸಿದರು. ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಇಷ್ಟು ವರ್ಷ ಜೋಪಾನವಾಗಿ ಸಾಕಿದ ದೂರು ಕಣ್ಣೆದುರೇ ಸತ್ತಿತ್ತು.

ಟೀಚರ್ ಆ ನೇರಳೆ ಚೂರು ಎತ್ತಿ ಮಕ್ಕಳನ್ನು ಕೇಳಿದರು: ಮಣ್ಣು ಇದನ್ನು ಬೇಡ ಅನ್ನುತ್ತಿದೆ, ಏನು ಮಾಡೋಣ? ಡಸ್ಟ್‌ಬಿನ್‌ಗೆ ಹಾಕೋಣ ಎಂದ ಒಬ್ಬ. ಡಸ್ಟ್‌ಬಿನ್ ಎಲ್ಲಿಗೆ ಹೋಗುತ್ತದೆ? ಮತ್ತೆ ಮಣ್ಣಿಗೇ! ಎಂದು ಮಕ್ಕಳೇ ಕೂಗಿದರು. “ಹಾಗಾದರೆ ಮಣ್ಣಿಗೆ ಬೇಡವಾದದ್ದನ್ನು ನಾವೇ ಹರಿಯುವ ತನಕ ಬಳಸಬೇಕು” ಎಂದರು ಟೀಚರ್.

ಸಂಜೆಯ ಹೊತ್ತಿಗೆ ನಾನು ಚೇತರಿಸಿಕೊಂಡಿದ್ದೆ. ದೂರು ಹೋದರೇನು, ಅಸಲಿ ನನ್ನದಲ್ಲವೇ? ದನಿಗೆ ಒಂದಿಷ್ಟು ಮರುಕ ಬೆರೆಸಿಕೊಂಡು ಶೈಲಕ್ಕನಿಗೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮುಂಚೆ ಅನಘಾ ಫೋನ್ ಕಸಿದುಕೊಂಡು ಸ್ಪೀಕರ್ ಹಾಕಿದಳು. “ಕಾಕೂ, ನಿಮ್ಮ ಸಾಡಿ ಪ್ಲಾಸ್ಟಿಕ್!”

ಆ ಕಡೆಯಿಂದ ದೊಡ್ಡ ನಗು. “ಗೊತ್ತದ ಪುಟ್ಟಿ. ನಾನೇ ಆರಿಸಿ ತಗೊಂಡೇನಿ. ಅತ್ತ್ಯಾರು ಎರಡೂ ರೇಷ್ಮೀದೇ ತಗೋಳ್ಲಿಕ್ಕೆ ನಿಂತಿದ್ರು. ನಾನ ಬ್ಯಾಡ ಅಂದೆ. ನಂಗ ಉಟ್ಟು ಅಡಗಿ ಮಾಡ್ಲಿಕ್ಕೆ, ಬಡಸ್ಲಿಕ್ಕೆ, ಕೈ ಹಿಡದು ತಿರಗಿ ಫುಗಡಿ ಆಡ್ಲಿಕ್ಕೆ ಬೇಕು. ಸಾರು ಚೆಲ್ಲಿದ್ರ ನಳದ ಕೆಳಗ ಹಿಡದು ತೊಳದುಬಿಡ್ತೀನಿ. ಈಗ ನೋಡು, ಗೌರಿ ಹಬ್ಬಕ್ಕೂ ಅದನ್ನೇ ಉಟ್ಟಿದ್ದೆ.”

ಗೊತ್ತಿತ್ತಂತೆ! ನಾನು ಇತ್ತ ಕುದಿಯುತ್ತಿದ್ದಾಗಲೆಲ್ಲ ಆಕೆಗೆ ಗೊತ್ತಿತ್ತು. ಗಣಪತಿಗೆ, ಯುಗಾದಿ ಪಾಡ್ವಾಕ್ಕೆ, ಮುಂಜಿವೆಗೆ, ಯಾವ ಫೋಟೋ ತೆಗೆದರೂ ನಡುವೆ ಆ ನೇರಳೆ, ಆ ನಗು. ನನ್ನ ಮಂಕು ಸೀರೆ ಮಲ್‌ಮಲ್ ಬಟ್ಟೆಯಲ್ಲಿ ಲವಂಗದ ಜೊತೆ ಕಪಾಟಿನಲ್ಲಿ. ಅನಘಾಳ ನಾಮಕರಣಕ್ಕೆ ಉಟ್ಟಿದ್ದೆ. ಕಲೆಯಾದೀತೆಂದು ತೊಡೆಯ ಮೇಲೆ ಟವೆಲ್ ಹಾಸಿಕೊಂಡು ಊಟ ಮಾಡಿದ್ದೆ. ಆಮೇಲೆ ಅದನ್ನು ಹೊರಗೆ ತೆಗೆದದ್ದು ಮಡಿಕೆ ಬದಲಿಸಲು ಮಾತ್ರ.

ಫೋನ್ ಇಟ್ಟ ಮೇಲೆ ಅನಘಾ ನನ್ನ ಮುಖ ನೋಡಿದಳು. “ಆಯಿ, ನಿಂದು ಉಟ್ರ ಹ್ಯಾಂಗ ಕಾಣಸ್ತದ? ನಾ ನೋಡೇ ಇಲ್ಲ.”

ಅಸಲಿ ಪೈಠಣಿ ನನ್ನದೇ ಎಂದು ವಿಜ್ಞಾನ ಸಾಬೀತು ಮಾಡಿಕೊಟ್ಟಿದೆ. ಆದರೆ ಇಷ್ಟು ವರ್ಷ ಪೈಠಣಿ ಉಟ್ಟವಳು ಯಾರು, ಹೇಳಿ?